ಕರಾವಳಿಯ ಪಾಯಿಂಟ್ ಟೂ ಟೂ ಘಟ್ಟದ ಮೇಲೆ ಯಾಕೆ ಕೈ ಕೊಡುತ್ತದೆ: ದೋಷ ಹುಡುಕುವ ಕ್ರಮ

ಕೊಡಗಿನಲ್ಲಿ ಕೈಲ್ ಮುಹೂರ್ತ, ಅಂದರೆ ಆಯುಧ ಪೂಜಿಸುವ ಹಬ್ಬ, ಬರುವುದು ಸೆಪ್ಟೆಂಬರ್ ಆರಂಭಕ್ಕೆ. ಆ ಹೊತ್ತಿಗೆ ಅಲ್ಲಿ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಶುರುವಾಗುತ್ತವೆ. ಮಂಗಳೂರು, ಪುತ್ತೂರು, ಉಡುಪಿ ಕಡೆಯಿಂದಲೂ 0.22 (ಪಾಯಿಂಟ್ ಟೂ ಟೂ) ರೈಫಲ್ ಹಿಡಿದು ಹೋಗುವವರಿದ್ದಾರೆ. ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ, ಹೆಸರು ಕೊಟ್ಟು, ಸರದಿ ಬಂದಾಗ ಕುದುರೆ (ಟ್ರಿಗರ್) ಎಳೆದರೆ 'ಟಕ್' ಅನ್ನುತ್ತದೆ, ಅಷ್ಟೇ. ಅಥವಾ ಗುಂಡು ಹಾರುತ್ತದೆ, ಕಾಯಿ ಮಾತ್ರ ಅಲ್ಲಾಡುವುದಿಲ್ಲ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕೋವಿ ಕಪಾಟಿನೊಳಗೆ ಇರುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಈ ತಿಂಗಳುಗಳಲ್ಲೇ. ಚಪ್ಪಲಿಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಕೋವಿ ಮಾತ್ರ ಚೆನ್ನಾಗಿರಬೇಕು ಅಂದರೆ ಹೇಗೆ? ಹಾಗಾಗಿ ಈ ಬರಹದಲ್ಲಿ ಬರುವ ದೋಷಗಳಲ್ಲಿ ಅರ್ಧಕ್ಕರ್ಧ ತೇವ, ಎಣ್ಣೆ ಮತ್ತು ಮರದ ಕಥೆ. ಕೋವಿ ಹಾಳಾಗಿದೆ ಎಂದು ತೀರ್ಮಾನಿಸುವ ಮೊದಲು ಇವನ್ನು ನೋಡಿ.

ಶುರು ಮಾಡುವ ಮೊದಲು

ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ) ತೆಗೆಯಿರಿ, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿ) ಎಳೆಯಿರಿ, ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಗೂಡು) ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಗುಂಡು ಸಿಡಿಯದಿದ್ದರೆ ಬೋಲ್ಟನ್ನು ತಕ್ಷಣ ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾಯಿರಿ. ತಡವಾಗಿ ಸಿಡಿಯುವ ತೋಟೆ (ಗುಂಡು, ಮದ್ದು, ಲೋಹದ ಕೇಸು ಸೇರಿದ್ದು) ಅಪರೂಪ, ಆದರೆ ಇಲ್ಲ ಎನ್ನುವಂತಿಲ್ಲ. 'ಟಕ್' ಬದಲು ಸಣ್ಣಗೆ 'ಪುಸ್' ಅಂದಿದ್ದರೆ ಇನ್ನೂ ಜಾಗ್ರತೆ. ಗುಂಡು ನಳಿಗೆಯ ಮಧ್ಯ ಸಿಕ್ಕಿಕೊಂಡಿರಬಹುದು. ಬೋಲ್ಟ್ ತೆಗೆದು ಹಿಂದಿನಿಂದ ಬೆಳಕು ನೋಡದೆ ಮುಂದಿನ ಈಡು ಹೊಡೆಯಲೇಬಾರದು.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎಣ್ಣೆ ಒರೆಸಿ, ತೋಟೆ ಬದಲಿಸಿ, ಸ್ಕ್ರೂ ಬಿಗಿ ಮಾಡಿ, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಕೋವಿ ಸರಿಯಾಗಬಹುದು. ಆದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮತ್ತೆ ಇದೇ ಪಾಡು.

'ಟಕ್' ಅಂದು ಸುಮ್ಮನಾದರೆ

ದೊಡ್ಡ ತೋಟೆಗಳಲ್ಲಿ ಕಿಡಿ ಹೊತ್ತಿಸುವ ಮದ್ದು ತಳದ ನಡುವಿನ ಚಿಕ್ಕ ಬಟ್ಟಲಿನಲ್ಲಿ ಇರುತ್ತದೆ. ಪಾಯಿಂಟ್ ಟೂ ಟೂದಲ್ಲಿ ಹಾಗಲ್ಲ. ತಳದ ಸುತ್ತ ಇರುವ ಅಂಚಿನ ಮಡಿಕೆಯೊಳಗೆ, ಅಂದರೆ ರಿಮ್‌ನೊಳಗೆ, ಅದು ತುಂಬಿರುತ್ತದೆ. ಕಾರ್ಖಾನೆಯಲ್ಲಿ ಹಸಿ ಮದ್ದು ಹಾಕಿ ಕೇಸನ್ನು ಗಿರ್ರನೆ ತಿರುಗಿಸಿ ಅಂಚಿಗೆ ತಲುಪಿಸುತ್ತಾರೆ. ಫೈರಿಂಗ್ ಪಿನ್ ಬಂದು ಆ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಹಿಸುಕಿದಾಗ ಕಿಡಿ ಹೊತ್ತುತ್ತದೆ. ಅಂದರೆ ಮೂರು ಸಂಗತಿ ಕೂಡಿ ಬರಬೇಕು. ಪಿನ್ ಜೋರಾಗಿ ಹೊಡೆಯಬೇಕು. ತೋಟೆ ಪೂರ್ತಿ ಒಳಗೆ ಕೂತಿರಬೇಕು. ಪೆಟ್ಟು ಬಿದ್ದ ಜಾಗದಲ್ಲಿ ಮದ್ದು ಇರಬೇಕು.

ಮೂರರಲ್ಲಿ ಯಾವುದು ತಪ್ಪಿದೆ ಎಂದು ತೋಟೆಯೇ ಹೇಳುತ್ತದೆ. ಸಿಡಿಯದ ತೋಟೆಯನ್ನು ಎಸೆಯಬೇಡಿ. ಅದೇ ಕೋವಿಯಲ್ಲಿ ಮೊದಲು ಸರಿಯಾಗಿ ಸಿಡಿದ ಒಂದು ಖಾಲಿ ಕೇಸನ್ನು ಅದರ ಪಕ್ಕ ಇಟ್ಟು ರಿಮ್ ಮೇಲಿನ ನೆಗ್ಗನ್ನು ಹೋಲಿಸಿ. ಓದುವ ಕನ್ನಡಕವೋ ಭೂತಗನ್ನಡಿಯೋ ಇದ್ದರೆ ಒಳ್ಳೆಯದು.

ನೆಗ್ಗು ಎರಡರಲ್ಲೂ ಒಂದೇ ಆಳ ಇದ್ದರೆ ಕೋವಿ ತನ್ನ ಕೆಲಸ ಮಾಡಿದೆ. ತಪ್ಪು ತೋಟೆಯದ್ದು. ಅದನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ಹೊಡೆಯಿರಿ. ಸಿಡಿದರೆ ಮೊದಲ ಪೆಟ್ಟು ಬಿದ್ದ ಜಾಗದಲ್ಲಿ ಮದ್ದು ಇರಲಿಲ್ಲ ಎಂದರ್ಥ. 50ರ ಪೆಟ್ಟಿಗೆಯಲ್ಲಿ ಅಪ್ಪಿತಪ್ಪಿ ಒಂದು ಹೀಗಾದರೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ಆದರೆ, ಬೇರೆ ಲಾಟಿನ ತೋಟೆ ತಂದು ಅದೇ ಕೋವಿಯಲ್ಲಿ ಹೊಡೆದು ನೋಡಿ. ತೋಟೆಗೆ ತೇವ ತಗಲಿದೆ ಎಂಬ ಅನುಮಾನ ಇದ್ದರೆ ಬಿಸಿಲಿಗೆ ಹಾಕುವುದು, ಒಲೆ ಹತ್ತಿರ ಇಡುವುದು, ಎಣ್ಣೆ ಸವರುವುದು ಯಾವುದೂ ಬೇಡ. ಆ ಪೆಟ್ಟಿಗೆಯನ್ನು ಸ್ಪರ್ಧೆಗೆ ಒಯ್ಯದಿದ್ದರೆ ಆಯಿತು.

ನೆಗ್ಗು ಮೇಲುಮೇಲೆ ಇದ್ದರೆ ಪಿನ್ನಿನ ಪೆಟ್ಟು ಸಾಲುತ್ತಿಲ್ಲ. ನಮ್ಮ ಕಡೆಯ ಕೋವಿಗಳಲ್ಲಿ ಇದಕ್ಕೆ ದೊಡ್ಡ ಕಾರಣ ಎಣ್ಣೆ, ಅದರಲ್ಲೂ ತೆಂಗಿನೆಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ಅದೇ, ಅಜ್ಜನ ಕಾಲದಿಂದ ಬಂದ ಅಭ್ಯಾಸವೂ ಹೌದು. ಬಾಗಿಲ ತಿರುಗಣಿಗೆ ಓಕೆ, ಬೋಲ್ಟಿನೊಳಗೆ ಖಂಡಿತ ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಸುರತ್ಕಲ್‌ನಲ್ಲೋ ಮಲ್ಪೆಯಲ್ಲೋ 30 ಡಿಗ್ರಿಯಲ್ಲಿ ಹೊಡೆದು ನೋಡಿದಾಗ ಅದು ನೀರಿನ ಹಾಗೆ ಇರುತ್ತದೆ, ಕೋವಿ ಚೆನ್ನಾಗಿಯೇ ಸಿಡಿಯುತ್ತದೆ. ಮಡಿಕೇರಿಯ ಬೆಳಗಿನ ಚಳಿಗೆ ಅದೇ ಎಣ್ಣೆ ಬೋಲ್ಟಿನೊಳಗೆ ಗಟ್ಟಿಯಾಗಿ ಪಿನ್ನನ್ನೂ ಸ್ಪ್ರಿಂಗನ್ನೂ ಹಿಡಿದುಕೊಳ್ಳುತ್ತದೆ. ಗುರುತು ಸುಲಭ: ಬೆಳಿಗ್ಗೆ ಮಿಸ್‌ಫೈರ್, ಬಿಸಿಲೇರಿದ ಮೇಲೆ ಎಲ್ಲ ಸರಿ. ಹೀಗಾದರೆ ಬೇರೆ ಏನೂ ಹುಡುಕುವ ಅಗತ್ಯವಿಲ್ಲ.

ತೆಂಗಿನೆಣ್ಣೆ ಅಲ್ಲದಿದ್ದರೂ ಹಳೆಯ ಎಣ್ಣೆ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ವರ್ಷಗಟ್ಟಲೆ ಹೊಡೆಯುತ್ತಾ ಬಂದಿದ್ದರೂ ಇದೇ ಗತಿ. ಬೋಲ್ಟನ್ನು ಕೋವಿಯಿಂದ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಪೂರ್ತಿ ಒಣಗಿಸಿ. ಇದನ್ನು ಬಯಲಿನಲ್ಲಿ, ಒಲೆಯಿಂದ ದೂರ ಮಾಡಿ. ಆಮೇಲೆ ಎಣ್ಣೆ ಏನೂ ಹಾಕದೆ ಹಾಗೇ ಹೊಡೆದು ನೋಡಿ. ನೆಗ್ಗು ಆಳವಾಯಿತೇ? ಕಾಯಿಲೆ ಸಿಕ್ಕಿತು. ಇನ್ನು ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಒಂದೇ ಒಂದು ಹನಿ ಬಟ್ಟೆಗೆ ಹಾಕಿ ಬೋಲ್ಟಿನ ಹೊರಮೈಗೆ ಒರೆಸಿದರೆ ಸಾಕು. ಒಣಗಿಸಿದ ಮೇಲೂ ನೆಗ್ಗು ಮೇಲುಮೇಲೆಯೇ ಇದ್ದರೆ ಸ್ಪ್ರಿಂಗ್ ಸೋತಿರಬಹುದು ಅಥವಾ ಪಿನ್ನಿನ ತುದಿ ಸವೆದಿರಬಹುದು. ಅದು ಪರವಾನಗಿ ಇರುವ ದುರಸ್ತಿಗಾರನ ಕೆಲಸ. ಸ್ಪ್ರಿಂಗ್ ಎಳೆದು ಉದ್ದ ಮಾಡುವುದು, ಪಿನ್ನಿಗೆ ಅರ ಹಾಕುವುದು ಬೇಡ. ಅರ ಹಾಕಿದ ಪಿನ್ ರಿಮ್ಮನ್ನು ತೂತು ಮಾಡಿದರೆ ಬಿಸಿ ಗಾಳಿ ನೇರ ಮುಖಕ್ಕೆ.

ಮೂರನೆಯ ಬಗೆಯದು ಸ್ವಲ್ಪ ಮೋಸಗಾರ. ತೋಟೆಯನ್ನು ತಿರುಗಿಸದೆ, ಹೊರಗೂ ತೆಗೆಯದೆ, 30 ಸೆಕೆಂಡು ಕಾದು ಅದೇ ಜಾಗಕ್ಕೆ ಎರಡನೇ ಪೆಟ್ಟು ಕೊಟ್ಟಾಗ ಸಿಡಿಯುತ್ತದೆ. ಇಲ್ಲಿ ಮೊದಲ ಪೆಟ್ಟಿನ ಜೋರೆಲ್ಲ ತೋಟೆಯನ್ನು ಒಳಗೆ ತಳ್ಳುವುದಕ್ಕೇ ಖರ್ಚಾಗಿದೆ. ಎರಡನೆಯದು ನಿಜವಾಗಿ ಹಿಸುಕಿದೆ. ತೋಟೆ ಪೂರ್ತಿ ಕೂರದಿರಲು ಕಾರಣ, ಚೇಂಬರಿನ ಮುಂದಿನ ಭಾಗದಲ್ಲಿ ಬಳೆಯ ಹಾಗೆ ಕಟ್ಟಿಕೊಂಡ ಮಸಿ, ಸೀಸ ಮತ್ತು ಮೇಣ. ಈ ತೋಟೆಯ ಗುಂಡಿಗೆ ಹೊರಗಡೆ ಮೇಣವೋ ಜಿಡ್ಡೋ ಸವರಿರುತ್ತಾರೆ, ಅದು ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪರೀಕ್ಷೆ ಹೀಗೆ: ಕೋವಿಯನ್ನು ಗುರಿಯ ಕಡೆ ಇಟ್ಟು, ಬೋಲ್ಟ್ ಪೂರ್ತಿ ತೆಗೆದು, ಒಂದು ತೋಟೆಯನ್ನು ಹೆಬ್ಬೆರಳಿನಿಂದ ಚೇಂಬರಿಗೆ ತಳ್ಳಿ. ಮೆಲ್ಲಗೆ ಒತ್ತಿದರೆ ರಿಮ್ ಪೂರ್ತಿ ತಾಗುವವರೆಗೆ ಹೋಗಬೇಕು. ಕೊನೆಯಲ್ಲಿ ಬಿಗಿಯಾಗಿ ನಿಂತರೆ ಬಳೆ ಇದೆ. ಉತ್ತಮ ದರ್ಜೆಯ ಸ್ಪರ್ಧೆ ರೈಫಲ್‌ಗಳಲ್ಲಿ ಚೇಂಬರೇ ಬಿಗಿ ಇರುತ್ತದೆ, ಅದು ಬೇರೆ ಮಾತು. ಅಂಥದ್ದರಲ್ಲಿ ಮೊದಲು ಹೇಗಿತ್ತು ಎಂಬುದೇ ಅಳತೆ. ಕೋವಿ ಉಜ್ಜುವ ದ್ರಾವಕದಲ್ಲಿ ನೆನೆಸಿದ ಬಟ್ಟೆ ತುಂಡನ್ನು ಚೇಂಬರಿನಲ್ಲಿ ಹತ್ತು ನಿಮಿಷ ಬಿಟ್ಟು, ಕಂಚಿನ ಬ್ರಶ್ಶಿನಿಂದ ತಿರುಗಿಸಿ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ.

ನೆಗ್ಗು ರಿಮ್ಮಿನ ಮೇಲೆ ಪೂರ್ತಿ ಬೀಳದೆ ಅರ್ಧ ಹೊರಗೆ ಬಿದ್ದಿದ್ದರೆ ಪಿನ್ನೋ ಬೋಲ್ಟೋ ಪೆಟ್ಟು ತಿಂದಿದೆ. ಚೇಂಬರಿನ ಬಾಯಲ್ಲಿ ಪಿನ್ ಬೀಳುವ ಜಾಗಕ್ಕೆ ಸರಿಯಾಗಿ ಒಂದು ಚಿಕ್ಕ ಕಚ್ಚು ಕಾಣುತ್ತಿದ್ದರೆ ಯಾರೋ ಖಾಲಿ ಕೋವಿಯ ಕುದುರೆಯನ್ನು ಎಳೆದೆಳೆದು ಅಭ್ಯಾಸ ಮಾಡಿದ್ದಾರೆ. ಕೆಲವು ಮಾದರಿಗಳಲ್ಲಿ ಪಿನ್ ಚೇಂಬರಿಗೆ ತಾಗದ ಹಾಗೆ ತಡೆ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಇದೂ ದುರಸ್ತಿಗಾರನ ಪಾಲಿಗೆ.

ಗುಂಡು ಸಿಡಿಯುತ್ತದೆ, ತಾಗುವುದಿಲ್ಲ

'ಪಾಯಿಂಟ್ ಟೂ ಟೂ ಅಂದರೆ ಮಕ್ಕಳ ಕೋವಿ, ಅದರಲ್ಲಿ ಇಷ್ಟೇ' ಎಂದು ಕೈ ಚೆಲ್ಲುವವರನ್ನು ನಂಬಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ 50 ಮೀಟರ್ ತ್ರೀ ಪೊಸಿಷನ್ಸ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಸ್ಪರ್ಧೆ) ಕಂಚು ಗೆದ್ದದ್ದು ಇದೇ ಅಳತೆಯ ತೋಟೆಯಲ್ಲಿ. ಆ ಗುರಿಯಲ್ಲಿ ಹತ್ತು ಅಂಕದ ವೃತ್ತ 10.4 ಮಿ.ಮೀ. ಅಗಲ. ತೆಂಗಿನಕಾಯಿ ಎಷ್ಟು ದೊಡ್ಡದು ನೋಡಿ.

ಮೊದಲು ಕಾಗದ. ಕಾಯಿಗೆ ಹೊಡೆದು ದೋಷ ಹುಡುಕಲು ಆಗುವುದಿಲ್ಲ, ಕಾಯಿ ಬರೀ ಹೌದು ಅಥವಾ ಇಲ್ಲ ಅನ್ನುತ್ತದೆ. 50 ಮೀಟರಿನಲ್ಲಿ ಕಾಗದ ಕಟ್ಟಿ, ಕೋವಿಯ ಮುಂಭಾಗವನ್ನು ಮರಳು ಚೀಲದ ಮೇಲಿಟ್ಟು ಐದೈದು ಈಡಿನ ಗುಂಪು ಹೊಡೆಯಿರಿ. ಗುಂಪು ಚಿಕ್ಕದಾಗಿಯೇ ಇದ್ದು ಒಟ್ಟಾಗಿ ಬೇರೆ ಕಡೆ ಸರಿದಿದೆಯೇ, ಅಥವಾ ಗುಂಪೇ ಚದುರಿದೆಯೇ? ಎರಡಕ್ಕೂ ಕಾರಣ ಬೇರೆ ಬೇರೆ.

ಗುಂಪು ಸರಿದಿದ್ದರೆ ಮರವನ್ನು ಅನುಮಾನಿಸಿ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದಲ್ವಾ, ಕೋವಿಯ ಮರದ ಹಿಡಿಗೂ ಅದೇ ಆಗುತ್ತದೆ. ಉಬ್ಬಿದ ಮರ ಪಕ್ಕದಿಂದ ನಳಿಗೆಗೆ ಒತ್ತಿದರೆ ಗುಂಡು ಬೇರೆ ಕಡೆ ಹೋಗುತ್ತದೆ. ನಳಿಗೆ ಮರಕ್ಕೆ ತಾಗದ ಹಾಗೆ ಮಾಡಿದ ಕೋವಿಯಾದರೆ ಒಂದು ಕಾಗದದ ಪಟ್ಟಿಯನ್ನು ನಳಿಗೆಯ ಕೆಳಗೆ ತೂರಿಸಿ ಮುಂದಿನಿಂದ ಹಿಂದಕ್ಕೆ ಎಳೆಯಿರಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ತಾಗುತ್ತಿದೆ. ಹಳೆಯ ಬ್ರನೋದಂಥ ಕೆಲವು ಕೋವಿಗಳಲ್ಲಿ ನಳಿಗೆಯನ್ನು ಮುಂದುಗಡೆ ಮರಕ್ಕೆ ಸೇರಿಸಿಯೇ ಬಿಗಿದಿರುತ್ತಾರೆ. ಅಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಸ್ಕ್ರೂಗಳ ಬಿಗಿ ಮಾತ್ರ ಲೆಕ್ಕ.

ಸ್ಕ್ರೂಗಳ ವಿಷಯ ಹೀಗೆ. ಮಳೆಗಾಲದಲ್ಲಿ ಉಬ್ಬಿದ ಮರ ಮಳೆ ನಿಂತ ಮೇಲೆ ಕುಗ್ಗುತ್ತದೆ, ಆಗ ಬಿಗಿ ಇದ್ದ ಸ್ಕ್ರೂ ಸಡಿಲ. ಮಳೆಗಾಲದಲ್ಲಿ ಬಿಗಿ ಮಾಡಿದರೆ ಡಿಸೆಂಬರ್‌ಗೆ ಸಡಿಲ. ತಯಾರಕರು ಹೇಳಿದ ಬಿಗಿಗೆ ಅಳತೆಯ ಸ್ಕ್ರೂಡ್ರೈವರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ, ಕೋವಿ ಚೆನ್ನಾಗಿ ಹೊಡೆಯುತ್ತಿರುವ ದಿನ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹಕ್ಕೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ. ಸ್ಕೋಪನ್ನು (ಗುರಿ ನೋಡುವ ದುರ್ಬೀನು) ಕೋವಿಗೆ ಕೂರಿಸುವ ರಿಂಗಿಗೂ ಬೇಸಿಗೂ ಇದೇ ಉಪಾಯ. ಘಾಟಿಯ ತಿರುವುಗಳಲ್ಲಿ ಕುಲುಕಿಕೊಂಡು ಹೋದ ಕೋವಿಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ.

'ಘಟ್ಟ ಹತ್ತಿದರೆ ಝೀರೋ ಬದಲಾಗುತ್ತದೆ, ಗಾಳಿ ತೆಳು' ಎಂಬ ಮಾತು ಕೇಳಿರುತ್ತೀರಿ. ಝೀರೋ ಅಂದರೆ ಒಂದು ದೂರಕ್ಕೆ, ಗುರಿಯಿಟ್ಟಲ್ಲೇ ಗುಂಡು ಬೀಳುವ ಹಾಗೆ ಮಾಡಿದ ಹೊಂದಿಕೆ. ಮಡಿಕೇರಿ ಸಾವಿರದ ನೂರು ಮೀಟರಿಗಿಂತ ಸ್ವಲ್ಪ ಎತ್ತರದಲ್ಲಿದೆ, ಗಾಳಿ ತೆಳು ಹೌದು. ಆದರೆ 50 ಮೀಟರಿನಲ್ಲಿ ಅದರ ಪರಿಣಾಮ ಮಿಲಿಮೀಟರ್ ಲೆಕ್ಕದ್ದು. ಕಾಯಿ ತಪ್ಪಿಸುವಷ್ಟು ಝೀರೋ ಸರಿದಿದ್ದರೆ ಗಾಳಿಯ ಮೇಲೆ ಹಾಕದೆ ಸ್ಕ್ರೂ ನೋಡಿ.

ಗಾಳಿಯ ಬೇರೊಂದು ಆಟ ಇದೆ. ನಮ್ಮಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಗಾಳಿ. ನೀವು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ಹೊಡೆಯುತ್ತಿದ್ದರೆ ಬೆಳಿಗ್ಗೆ ಒಂದು ಬದಿಯಿಂದ, ಸಂಜೆ ಇನ್ನೊಂದು ಬದಿಯಿಂದ ತಳ್ಳುತ್ತದೆ. ಸೆಕೆಂಡಿಗೆ ನಾಲ್ಕೂವರೆ ಮೀಟರಿನ ಅಡ್ಡಗಾಳಿ 50 ಮೀಟರಿನಲ್ಲಿ ಗುಂಡನ್ನು ಎರಡೂವರೆ, ಮೂರು ಸೆಂ.ಮೀ. ಸರಿಸುತ್ತದೆ, 100 ಮೀಟರಿನಲ್ಲಿ ಸುಮಾರು ಹತ್ತು. ಕಡಲ ಗಾಳಿಯಲ್ಲಿ ಝೀರೋ ಮಾಡಿ ಗಾಳಿಯೇ ಇಲ್ಲದ ಕಾಫಿ ತೋಟದ ಬದಿಯಲ್ಲಿ ಹೊಡೆದರೆ ಗುಂಪು ಸರಿದೇ ಸರಿಯುತ್ತದೆ. ಝೀರೋ ಮಾಡುವುದಿದ್ದರೆ ಬೆಳಗಿನ ನಿಶ್ಶಬ್ದ ಹೊತ್ತಿನಲ್ಲಿ, ಎಲೆ ಅಲ್ಲಾಡದಿರುವಾಗ ಮಾಡಿ.

ಇನ್ನು ಗುಂಪೇ ಚದುರಿದ್ದರೆ. ತೋಟೆಯಿಂದ ಶುರು ಮಾಡಿ, ಯಾಕೆಂದರೆ ಒಂದೊಂದು ನಳಿಗೆಗೆ ಒಂದೊಂದು ತೋಟೆ ಹಿಡಿಸುತ್ತದೆ. ಬೆಲೆ ಜಾಸ್ತಿಯದ್ದೇ ಹಿಡಿಸಬೇಕೆಂದಿಲ್ಲ. ವೇಗದ ವಿಷಯ ಇಲ್ಲಿ ಮುಖ್ಯ. ಸಾಧಾರಣ ವೇಗದ ತೋಟೆ ನಳಿಗೆಯ ಬಾಯಲ್ಲಿ ಸೆಕೆಂಡಿಗೆ ಸುಮಾರು 325 ಮೀಟರ್. ಹೈ ವೆಲಾಸಿಟಿಯದ್ದು 370ರ ಆಸುಪಾಸು. ಶಬ್ದದ ವೇಗ ನಮ್ಮ ಹವೆಯಲ್ಲಿ 350ರ ಹತ್ತಿರ. ಅಂದರೆ ಹೈ ವೆಲಾಸಿಟಿ ಗುಂಡು ಗುರಿ ಮುಟ್ಟುವ ಮೊದಲೇ ಶಬ್ದದ ವೇಗದಿಂದ ಕೆಳಗಿಳಿಯುತ್ತದೆ, ಇಳಿಯುವಾಗ ತೊನೆಯುತ್ತದೆ. ಇನ್ನೊಂದು, ಅದು ಜೋರಾಗಿ ಹೋಗುತ್ತದೆ ಎಂದು ಗಾಳಿಗೆ ಕಡಿಮೆ ಸರಿಯುತ್ತದೆ ಅಂದುಕೊಳ್ಳಬೇಡಿ. ಶಬ್ದದ ವೇಗದ ಹತ್ತಿರ ಗಾಳಿಯ ತಡೆ ವಿಪರೀತ, ಹಾಗಾಗಿ ಅದು ಸಾಧಾರಣ ವೇಗದ ಗುಂಡಿಗಿಂತ ಜಾಸ್ತಿಯೇ ಸರಿಯುತ್ತದೆ. ಗುರಿ ಸ್ಪರ್ಧೆಗೆ ಸಾಧಾರಣ ವೇಗದ್ದೇ ಸಾಕು.

ತೋಟೆಯ ಬ್ರಾಂಡ್ ಬದಲಿಸಿದ ಕೂಡಲೇ ಗುಂಪು ನೋಡಿ ತೀರ್ಪು ಕೊಡಬೇಡಿ. ಹಿಂದಿನ ತೋಟೆಯ ಮೇಣ ಹೋಗಿ ಹೊಸದರ ಮೇಣ ನಳಿಗೆಗೆ ಹಿಡಿಯಲು ಹತ್ತು ಹದಿನೈದು ಈಡು ಬೇಕು. ಸ್ಪರ್ಧೆಯ ಹಿಂದಿನ ರಾತ್ರಿ ನಳಿಗೆಯನ್ನು ಫಳಫಳ ಹೊಳೆಯುವ ಹಾಗೆ ಉಜ್ಜಬೇಡಿ ಎನ್ನುವುದೂ ಇದಕ್ಕೇ. ಉಜ್ಜಿದ ನಳಿಗೆಯ ಮೊದಲ ಈಡುಗಳು ಎಲ್ಲೋ ಹೋಗುತ್ತವೆ, ನಿಮ್ಮ ಸರದಿ ಅಷ್ಟರಲ್ಲಿ ಮುಗಿದಿರುತ್ತದೆ. ಮಳೆಗಾಲಕ್ಕೆ ಸವರಿದ ಎಣ್ಣೆಯನ್ನು ಒಣ ಬಟ್ಟೆಯಿಂದ ತೆಗೆಯಲೇಬೇಕು, ಅಷ್ಟು ಸಾಕು. ಉಜ್ಜುವ ಕಡ್ಡಿ ಹಾಕುವುದಿದ್ದರೆ ಬೋಲ್ಟ್ ತೆಗೆದು ಹಿಂದಿನಿಂದ ಹಾಕಿ. ಮುಂದಿನಿಂದ ಹಾಕಿದರೆ ನಳಿಗೆಯ ಬಾಯಂಚು ಸವೆಯುತ್ತದೆ. ಗುಂಡು ಕೊನೆಯದಾಗಿ ಬಿಟ್ಟು ಹೋಗುವ ಜಾಗ ಅದು. ಅಲ್ಲಿ ಒಂದು ಕಡೆ ಗೀರು ಬಿದ್ದರೂ ಯಾವ ತೋಟೆಯೂ ಆ ಕೋವಿಗೆ ಹಿಡಿಸುವುದಿಲ್ಲ.

ಸ್ಕೋಪಿನಲ್ಲಿ ಎರಡು ಸಂಗತಿ. ದೊಡ್ಡ ರೈಫಲ್‌ಗಳ ಸ್ಕೋಪುಗಳನ್ನು ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕೂ ದೂರಕ್ಕೆ ಹೊಂದಿಸಿರುತ್ತಾರೆ. ಅದನ್ನು ಪಾಯಿಂಟ್ ಟೂ ಟೂ ಮೇಲೆ ಕೂರಿಸಿ ಹತ್ತಿರದ ಗುರಿ ನೋಡಿದರೆ, ಕಣ್ಣು ಸ್ವಲ್ಪ ಸರಿದಾಗ ಅಡ್ಡಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಖಾಲಿ ಕೋವಿಯನ್ನು ಚೀಲದ ಮೇಲೆ ಅಲುಗದ ಹಾಗೆ ಇಟ್ಟು, ಮುಟ್ಟದೆ, ತಲೆ ಮಾತ್ರ ಆಚೀಚೆ ಮಾಡಿ ನೋಡಿ. ಗೆರೆ ಓಡಾಡಿದರೆ ಇದೇ ದೋಷ. ದೂರ ಹೊಂದಿಸುವ ತಿರುಗಣಿ ಇದ್ದರೆ ತಿರುಗಿಸಿ. ಇಲ್ಲದಿದ್ದರೆ ಕೆನ್ನೆ ಪ್ರತಿ ಸಲವೂ ಒಂದೇ ಜಾಗಕ್ಕೆ ಕೂರಬೇಕು. ಎರಡನೆಯದು ಮಂಜು. ಎಸಿ ಕಾರಿನಿಂದ ಮಂಗಳೂರಿನ ಸೆಕೆಗೆ ತೆಗೆದ ಸ್ಕೋಪಿನ ಗಾಜಿನ ಹೊರಗೆ ಹನಿ ಕಟ್ಟಿದರೆ ಸುಮ್ನೆ ಕಾಯಿರಿ, ತಾನೇ ಹೋಗುತ್ತದೆ. ಒಳಗೆ ಕಟ್ಟಿದರೆ ಸೀಲ್ ಹೋಗಿದೆ. ಅಲ್ಲಿಂದ ಮುಂದೆ ಗಾಜಿಗೆ ಬೂಷ್ಟು ಹಿಡಿಯುವುದು ಬರೀ ಸಮಯದ ಪ್ರಶ್ನೆ.

ಕೋವಿಯಲ್ಲಿ ಏನೂ ಸಿಗದಿದ್ದರೆ ಹಿಡಿದ ಕೈ ನೋಡಬೇಕು. ಅಮೆರಿಕದಲ್ಲಿ ಎನ್‌ಆರ್‌ಎಲ್22 ಎಂಬ ಪಾಯಿಂಟ್ ಟೂ ಟೂ ಸ್ಪರ್ಧೆಗಳ ಸರಣಿ ಇದೆ. ಪ್ರತಿ ತಿಂಗಳು ಒಂದೇ ಬಗೆಯ ಸುತ್ತುಗಳನ್ನು ಬೇರೆ ಬೇರೆ ಊರಿನ ಕ್ಲಬ್ಬುಗಳಲ್ಲಿ ನಡೆಸುತ್ತಾರೆ. 100 ಗಜದೊಳಗಿನ ಉಕ್ಕಿನ ಫಲಕಗಳಿಗೆ ಏಣಿ, ಅಡ್ಡಹಲಗೆ, ಏನೇನೋ ಸಾಮಾನಿನ ಮೇಲೆ ಕೋವಿ ಇಟ್ಟು ಹೊಡೆಯಬೇಕು. ಅಲ್ಲಿನವರ ಹಾಗೆ ಬೇಲಿಗೂಟದ ಮೇಲೆ ಇಟ್ಟು ಅಭ್ಯಾಸ ಮಾಡುವವರು ನಮ್ಮಲ್ಲೂ ಇದ್ದಾರೆ. ಒಳ್ಳೆಯದೇ, ಆದರೆ ಗೂಟಕ್ಕೆ ಮರದ ಭಾಗ ತಾಗಬೇಕು, ನಳಿಗೆಯಲ್ಲ. ನಳಿಗೆಯನ್ನೇ ಗಟ್ಟಿ ವಸ್ತುವಿನ ಮೇಲಿಟ್ಟರೆ ಗುಂಡು ಅದರಿಂದ ದೂರಕ್ಕೆ, ಸಾಮಾನ್ಯವಾಗಿ ಮೇಲಕ್ಕೆ, ಹೋಗುತ್ತದೆ. ಕೋವಿ ವಾಲುವುದೂ ಹಾಗೆಯೇ. ಈ ಗುಂಡು ನಿಧಾನ, 50 ಮೀಟರಿಗೆ ಝೀರೋ ಮಾಡಿದ್ದು 100 ಮೀಟರಿನಲ್ಲಿ ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ. ಅದಕ್ಕಾಗಿ ನಳಿಗೆಯನ್ನು ಎತ್ತಿ ಹಿಡಿದಿರುತ್ತೀರಿ. ಐದು ಡಿಗ್ರಿ ವಾಲಿದರೂ ಆ ಎತ್ತರದ ಒಂದು ಪಾಲು ಪಕ್ಕಕ್ಕೆ ತಿರುಗಿ, 100 ಮೀಟರಿನಲ್ಲಿ ನಾಲ್ಕೈದು ಸೆಂ.ಮೀ. ವಾಲಿದ ಕಡೆಗೇ ಹೋಗುತ್ತದೆ. ಇಳಿಜಾರಿನ ಗದ್ದೆಯಲ್ಲಿ ನಿಂತಾಗ ಕಣ್ಣಿಗೆ ನೇರ ಅನ್ನಿಸಿದ್ದು ನೇರ ಇರುವುದಿಲ್ಲ.

ತೋಟೆ ಒಳಗೆ ಹೋಗದಿದ್ದರೆ, ಹೊರಗೆ ಬರದಿದ್ದರೆ

ಒಳಗೆ ಹೋಗುವಾಗ ಗುಂಡಿನ ಮೂತಿ ಕೆರೆದರೆ ಮ್ಯಾಗಝೀನಿನ ತುಟಿ ಬಾಗಿದೆ. ಬೇರೆ ಮ್ಯಾಗಝೀನ್ ಹಾಕಿ ನೋಡಿದರೆ ಗೊತ್ತಾಗುತ್ತದೆ. ಖಾಲಿ ಕೇಸು ಹೊರಗೆ ಬರದಿದ್ದರೆ ಬೋಲ್ಟಿನ ಕೊಕ್ಕೆಯ ಕೆಳಗೆ ಮಸಿ ತುಂಬಿದೆ, ಸೂಜಿಮೊನೆಯಿಂದ ಕೆದಕಿ. ಅದಕ್ಕೂ ಬರದಿದ್ದರೆ ಮೇಲೆ ಹೇಳಿದ ಚೇಂಬರಿನ ಬಳೆ.

ಠೇವಣಿಯಿಂದ ವಾಪಸ್ ಬಂದ ಕೋವಿ

ಚುನಾವಣೆ ಬಂದಾಗ ಬಹಳ ಸಲ ಕೋವಿಯನ್ನು ಪೊಲೀಸ್ ಠಾಣೆಯಂಥ ಕಡೆ ಠೇವಣಿ ಇಡಬೇಕಾಗುತ್ತದೆ, ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ಕೊಡುವ ಮೊದಲು ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ. ರೆಕ್ಸಿನ್ ಕವರ್ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ವಾಪಸ್ ತಂದ ದಿನ ಬೋಲ್ಟ್ ತೆಗೆದು ನಳಿಗೆಯಲ್ಲಿ ಬೆಳಕು ನೋಡಿ. ಮಣ್ಣಿನ ಗೂಡು ಕಟ್ಟುವ ಹುಳಕ್ಕೆ ಆ ತೂತು ಅಂದರೆ ಬಲು ಇಷ್ಟ. ಅದನ್ನು ನೋಡದೆ ಹೊಡೆದರೆ ನಳಿಗೆಯೇ ಉಬ್ಬುತ್ತದೆ.

ದುರಸ್ತಿಗಾರನ ಹತ್ತಿರ ಹೋಗುವಾಗ

'ಸರಿ ಹೊಡೆಯುವುದಿಲ್ಲ' ಎಂದಷ್ಟೇ ಹೇಳಿದರೆ ಅವನಿಗೆ ಏನೂ ಗೊತ್ತಾಗುವುದಿಲ್ಲ. ಸಿಡಿದ ಕೇಸುಗಳನ್ನು ಒಂದು ಕವರಿನಲ್ಲಿ ಹಾಕಿ ಒಯ್ಯಿರಿ. ಸಿಡಿಯದ ತೋಟೆ ಒಯ್ಯುವುದಿದ್ದರೆ ಅದನ್ನು ಬೇರೆಯಾಗಿ ಇಟ್ಟು ಮೊದಲೇ ಹೇಳಿಬಿಡಿ. ಗುಂಪು ಹೊಡೆದ ಕಾಗದದ ಮೇಲೆ ದೂರ, ತೋಟೆಯ ಹೆಸರು, ಹೊತ್ತು, ಗಾಳಿ ಯಾವ ಕಡೆ ಎಂದು ಬರೆದು ಅದನ್ನೂ ಕೊಡಿ. ಪರವಾನಗಿ ಪುಸ್ತಕದ ಮೂಲ ಪ್ರತಿ ಜೊತೆಗಿರಲಿ.